ಕೀಲಿಯಿಲ್ಲದ ಕಾರಿನೊಳಗಿನ ಕೀಲಿಕೈ

ನಮ್ಮ ಕಡೆಯ ಮಾತಿನಲ್ಲಿ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಬೀಗದ ಕೈ. ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ಶಿಕ್ಷಕ ಮಿತ್ರರು “ಬೀಗ ಹಾಕಿದಿರಾ?” ಎಂದು ಕೇಳಿದರೆ ನಮ್ಮ ಶಾಲೆಯ ಜವಾನ “ಕೀಲಿ ಹಾಕೀನ್ರಿ” ಎಂದು ಉತ್ತರಿಸುತ್ತಿದ್ದ. ಗೋಡೆ ಗಡಿಯಾರವನ್ನು ಸುತ್ತಿ ಬಿಗಿ ಕೊಡುವುದಕ್ಕೂ ನಾವು “ಕೀಲಿ ಕೊಡುವುದು” ಎಂದೇ ಅನ್ನುತ್ತೇವೆ. ಮುಚ್ಚಿಡುವುದಕ್ಕೂ ನಡೆಯಿಸುವುದಕ್ಕೂ ಒಂದೇ ಶಬ್ದ. ಮೋಟಾರು ವಾಹನದ ಇತಿಹಾಸವನ್ನು ಓದುವಾಗಲೆಲ್ಲ ನಮ್ಮ ಜನರ ಈ ಮಾತು ಎಷ್ಟು ಸರಿಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಕಾರಿನ ಕೀಲಿಕೈ ಕಳ್ಳನನ್ನು ಹೊರಗಿಡುವ ಕೆಲಸವನ್ನೂ ಯಂತ್ರಕ್ಕೆ ಜೀವ ಕೊಡುವ ಕೆಲಸವನ್ನೂ ಒಟ್ಟಿಗೆ ಮಾಡುತ್ತ ಬಂದಿದೆ.

ಇತ್ತೀಚೆಗೆ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಬರುವಾಗ ತರುವ ಕಾರುಗಳಿಗೆ ಕೀಲಿಕೈಯೇ ಇಲ್ಲವೆನ್ನುತ್ತಾರೆ. ಜೇಬಿನಲ್ಲಿ ಒಂದು ಕರಿಯ ಬಿಲ್ಲೆ ಇರುತ್ತದೆ. ಕಾರಿನ ಬಳಿ ಹೋಗಿ ಬಾಗಿಲ ಹಿಡಿಕೆ ಮುಟ್ಟಿದರೆ ತೆರೆದುಕೊಳ್ಳುತ್ತದೆ. ಗುಂಡಿ ಒತ್ತಿದರೆ ಎಂಜಿನ್ ಹೊರಡುತ್ತದೆ. ಆ ಬಿಲ್ಲೆಯೊಳಗಿನ ಸೆಲ್ ಮುಗಿದರೆ ಏನು ಗತಿ ಎಂದು ಕೇಳಿದರೆ ಬಹುಪಾಲು ಜನ ನಗುತ್ತಾರೆ, ಉತ್ತರ ಹೇಳುವುದಿಲ್ಲ. ಉತ್ತರ ಆ ಬಿಲ್ಲೆಯೊಳಗೇ ಇದೆ. ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಎಂಬುವರಿಗೆ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದ್ದುದರಿಂದಲೇ ‘ದೇವಾನಾಂಪ್ರಿಯ’ ಯಾರು ಎಂಬ ಪ್ರಶ್ನೆ ಖಚಿತವಾಗಿ ಬಿಡಿಸಿಕೊಂಡಿತೆಂದು ಏಳನೆಯ ಇಯತ್ತೆಯಲ್ಲಿ ನಾನು ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬೇಕು. ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಂದ ಬರೆದೇ ಇತ್ತು. ಯಾರೂ ಓದಿರಲಿಲ್ಲ, ಅಷ್ಟೆ. ಈ ಬಿಲ್ಲೆಯ ವಿಷಯವೂ ಹೆಚ್ಚು ಕಡಿಮೆ ಹಾಗೆಯೇ. ಅದರೊಳಗೆ ಮೂರು ಕಾಲಗಳ ಕೀಲಿಕೈಗಳು ಒಂದರ ಕೆಳಗೊಂದು ಪದರಗಳಾಗಿ ಕುಳಿತಿವೆ. ಅವು ಹೇಗೆ ಬಂದವು ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಹ್ಯಾಂಡಲ್ ಕಾಲ. ನಮ್ಮ ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಅಲ್ಲಿ 1932ರ ಜೂನ್ ತಿಂಗಳಲ್ಲಿ ನಿಜಾಮರ ರೈಲ್ವೆ ಇಲಾಖೆಯ ಒಂದು ಶಾಖೆಯಾಗಿ ಸರಕಾರಿ ಬಸ್ ಸಂಚಾರ ಆರಂಭವಾಯಿತು. ಬಸ್ಸುಗಳು 27, ನೌಕರರು 166 ಮಂದಿ. ಆ ಆಲ್ಬಿಯನ್ ಬಸ್ಸುಗಳಲ್ಲೊಂದನ್ನು ಹೈದರಾಬಾದಿನಲ್ಲಿ ಉಳಿಸಿಟ್ಟಿದ್ದಾರೆ. ಆ ತಲೆಮಾರಿನ ವಾಹನಗಳಿಗೂ ಅವುಗಳ ನಂತರ ನಮ್ಮ ರಸ್ತೆಗಳಿಗೆ ಬಂದ ಜೀಪು, ಲಾರಿ, ಅಂಬಾಸಿಡರ್‌ಗಳಿಗೂ ಮುಂಭಾಗದಲ್ಲಿ ಒಂದು ತೂತು ಇರುತ್ತಿತ್ತು. ಅದರೊಳಗೆ ಡೊಂಕಾದ ಕಬ್ಬಿಣದ ಹ್ಯಾಂಡಲ್ ತೂರಿಸಿ ಎಂಜಿನ್ನಿನ ದಂಡವನ್ನೇ ಕೈಯಿಂದ ತಿರುಗಿಸಬೇಕು. “ಹ್ಯಾಂಡಲ್ ಹೊಡೀ” ಎಂಬ ಮಾತು ಆಗಿನ ಹುಡುಗರಿಗೆಲ್ಲ ಗೊತ್ತಿತ್ತು. ಅದಕ್ಕೊಂದು ಶಿಸ್ತಿತ್ತು. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಸುತ್ತಬಾರದು. ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಕೆಳಕ್ಕೆ ಒತ್ತಬಾರದು, ಮೇಲಕ್ಕೆ ಎಳೆಯಬೇಕು. ಎಂಜಿನ್ ಉಲ್ಟಾ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿಹೋಗಬೇಕೇ ಹೊರತು ಮುಂಗೈ ಮೂಳೆ ಮುರಿಯಬಾರದು. ಆ ಒದೆತಕ್ಕೆ ಕೈ ಮುರಿದುಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದರು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಕಷ್ಟಕ್ಕೆ ಪರಿಹಾರ ಕಂಡುಹಿಡಿದ. ಮೊದಲು ಆತ ಅಂಗಡಿಗಳ ಹಣದ ಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿದ್ದು, ಅದನ್ನು ತೆರೆಯುವುದಕ್ಕೆ ಸಣ್ಣ ವಿದ್ಯುತ್ ಮೋಟಾರನ್ನು ಹೊಂದಿಸಿದ್ದ. ಇಡೀ ದಿನ ದುಡಿಯಬೇಕಾದ ಮೋಟಾರು ದೊಡ್ಡದಿರಬೇಕು. ಒಂದು ಕ್ಷಣ ಜೋರು ಮಾಡಿ ಸುಮ್ಮನಾಗುವ ಮೋಟಾರು ಚಿಕ್ಕದಿದ್ದರೂ ಸಾಕು ಎಂಬ ಆ ಪಾಠವನ್ನೇ ಕಾರಿಗೆ ತಂದ. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಿಗೆ ಅದನ್ನು ಅಳವಡಿಸಿದರು. ನಮ್ಮ ಡ್ರೈವರುಗಳು ಇಂದಿಗೂ “ಸೆಲ್ಫ್” ಎಂದು ಕರೆಯುವುದು ಇದನ್ನೇ. ಗಮನಿಸಬೇಕಾದ ಸಂಗತಿಯೆಂದರೆ, ಸೆಲ್ಫ್ ಬಂದ ಮೇಲೂ ಹ್ಯಾಂಡಲಿನ ತೂತು ಹಲವು ದಶಕಗಳವರೆಗೆ ಹೋಗಲಿಲ್ಲ. ಹೊಸದು ಕೈಕೊಟ್ಟರೆ ಹಳೆಯದು ಇರಲಿ ಎಂದು ತಯಾರಕರು ಅದನ್ನು ಉಳಿಸಿದರು.

ನಮ್ಮೂರಿನವರಿಗೆ ಹ್ಯಾಂಡಲ್ ಪರಿಚಯವಾದದ್ದು ಕಾರಿಗಿಂತ ಹೆಚ್ಚಾಗಿ ನೀರೆತ್ತುವ ಎಂಜಿನ್ನಿನಿಂದ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿಯಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಕರಿಯ ಎರೆಭೂಮಿಯಲ್ಲಿ ಭತ್ತದ ಗದ್ದೆಗಳೆದ್ದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದು ನೆಲೆಸಿದರು. ಊರುಗಳ ಪಕ್ಕದಲ್ಲಿ ಕ್ಯಾಂಪುಗಳಾದವು. ಕಾಲುವೆಯ ನೀರು ತಾನಾಗಿ ಏರದ ಹೊಲಗಳಿಗೆ ಡೀಸೆಲ್ ಎಂಜಿನ್ ಬೇಕಾಯಿತು. ಅದನ್ನು ಹೊರಡಿಸುವ ರೀತಿ ನೋಡಲು ಚೆಂದ. ಮೇಲಿನ ಒಂದು ಸಣ್ಣ ಸನ್ನೆಯನ್ನು ಎತ್ತಿ ಹಿಡಿದರೆ ಸಿಲಿಂಡರಿನ ಒತ್ತಡ ಬಿಟ್ಟುಹೋಗಿ ಚಕ್ರ ಹಗುರವಾಗಿ ತಿರುಗುತ್ತದೆ. ಹ್ಯಾಂಡಲಿನಿಂದ ವೇಗ ಏರಿಸುತ್ತ ಏರಿಸುತ್ತ, ಸರಿಯಾದ ಗಳಿಗೆಯಲ್ಲಿ ಸನ್ನೆಯನ್ನು ಬಿಡಬೇಕು. ಒಮ್ಮೆ ಕೆಮ್ಮಿ ಹೊಗೆಯುಗುಳಿ ಎಂಜಿನ್ ಹಿಡಿದುಕೊಳ್ಳುತ್ತದೆ. ಅಲ್ಲಿ ಬ್ಯಾಟರಿಯೂ ಇಲ್ಲ, ಕೀಲಿಕೈಯೂ ಇಲ್ಲ; ಆ ಗಳಿಗೆ ಯಾವುದೆಂಬ ಅರಿವೇ ಕೀಲಿಕೈ. ಟ್ರ್ಯಾಕ್ಟರುಗಳು ಬಂದ ಮೇಲೆ ಬ್ಯಾಟರಿ ಹಳೆಯದಾದವರು ರಾತ್ರಿ ಅದನ್ನು ಕಾಲುವೆ ಏರಿಯ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಮುಂಜಾನೆ ಕಲ್ಲು ತೆಗೆದು ಉರುಳಲು ಬಿಟ್ಟು, ಗೇರಿಗೆ ಹಾಕಿ ಕ್ಲಚ್ ಬಿಟ್ಟರಾಯಿತು. ಏರಿಯೇ ಅವರ ಸೆಲ್ಫ್.

ಕರ್ನಾಟಕದ್ದೇ ಇನ್ನೊಂದು ಉದಾಹರಣೆಯನ್ನು ಇಲ್ಲಿ ಹೇಳದಿರಲಾರೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಜಾವಾ, ಯೆಜ್ಡಿ ಬೈಕುಗಳು ನಮ್ಮ ಭಾಗದ ಶಿಕ್ಷಕರಿಗೂ ಗ್ರಾಮಸೇವಕರಿಗೂ ಪ್ರಿಯವಾಗಿದ್ದವು. ಕಿಕ್ ಹೊಡೆಯುವ ಕಾಲುಸನ್ನೆಯೇ ತಿರುಗಿಸಿದರೆ ಗೇರಿನ ಸನ್ನೆಯಾಗುವುದು ಅದರ ಒಂದು ವಿಶೇಷ. ಇನ್ನೊಂದು ಅದರ ಕೀಲಿಕೈ. ಹಳೆಯ ಜಾವಾದ ಕೀಲಿಕೈ ಮೊಳೆಯಂಥದು. ದೀಪದ ಮೇಲಿನ ಕಂಡಿಯಲ್ಲಿ ಒತ್ತಿ ತಿರುಗಿಸಬೇಕು. ಅದಕ್ಕೆ ಒಂದು ಪ್ರತ್ಯೇಕ ಸ್ಥಾನವಿತ್ತು: ಬ್ಯಾಟರಿ ಸತ್ತಿದ್ದಾಗ ಕೀಲಿಕೈಯನ್ನು ಅಲ್ಲಿಗೆ ತಿರುಗಿಸಿ, ಬೈಕನ್ನು ಗೇರಿನಲ್ಲಿ ದಬ್ಬಿಕೊಂಡು ಓಡಿದರೆ ಡೈನಮೋದ ವಿದ್ಯುತ್ತು ನೇರವಾಗಿ ಕಿಡಿಗೆ ಹೋಗುತ್ತಿತ್ತು. ಬ್ಯಾಟರಿ ಎಂದಾದರೊಂದು ದಿನ ಸಾಯುತ್ತದೆ, ಆ ದಿನ ಸವಾರ ಊರಿನಿಂದ ದೂರವಿರುತ್ತಾನೆ ಎಂಬ ತಿಳಿವಳಿಕೆಯಿಂದ ಮಾಡಿದ ಯಂತ್ರವದು. ಆದರೆ ಕಳ್ಳನ ಮಟ್ಟಿಗೆ ಆ ಮೊಳೆಯಂಥ ಕೀಲಿಕೈ ಯಾವ ಅಡ್ಡಿಯೂ ಆಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕಾರಿನ ಕಡೆಗೆ ಮರಳೋಣ. ಕಿಡಿಗೆ ಒಂದು ಕೀಲಿ, ಸೆಲ್ಫಿಗೆ ಬೇರೊಂದು ಗುಂಡಿ ಎಂಬ ಪದ್ಧತಿ ಬಹುಕಾಲ ನಡೆದು, 1949ರಲ್ಲಿ ಕ್ರೈಸ್ಲರ್ ಕಂಪನಿ ಎರಡನ್ನೂ ಒಂದೇ ಕೀಲಿಕೈಯ ತಿರುವಿಗೆ ಸೇರಿಸಿತು. ನಮ್ಮ ತಲೆಮಾರು ಕಂಡ ‘ಕೀಲಿಕೈ ತಿರುಗಿಸಿ ಹೊರಡು’ ಎಂಬ ಕ್ರಮ ಇದು. 1990ರ ದಶಕದಲ್ಲಿ ಯುರೋಪಿನಲ್ಲಿ ಕಾರುಗಳ್ಳತನ ಮಿತಿಮೀರಿದಾಗ ಎರಡನೆಯ ಪದರ ಬಂದಿತು. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇಟ್ಟರು. ಲೋಹದ ಹಲ್ಲುಗಳನ್ನು ನಕಲು ಮಾಡಿದರೂ ಈ ಚಿಪ್ಪಿನ ಸಂಕೇತ ಸಿಗದ ಹೊರತು ಎಂಜಿನ್ ಹೊರಡದು. ಯುರೋಪಿನಲ್ಲಿ 1995ರ ಆದೇಶದಂತೆ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಈ ಚಿಪ್ಪಿಗೆ ಸೆಲ್ ಬೇಕಿಲ್ಲ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೂರನೆಯ ಪದರ ರೇಡಿಯೋ. ದೂರದಿಂದ ಬಾಗಿಲು ತೆರೆಯುವ ರಿಮೋಟ್ 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ರೆನೋ ಕಾರುಗಳಲ್ಲಿ ಬಂದಿತ್ತು. ಜೇಬಿನಿಂದ ತೆಗೆಯುವ ಅಗತ್ಯವೇ ಇಲ್ಲದ ಬಿಲ್ಲೆ 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್ ಕಾರುಗಳಿಂದ ಪ್ರಸಿದ್ಧವಾಯಿತು. 2010ರ ದಶಕದಲ್ಲಿ ನಮ್ಮ ಮಧ್ಯಮ ವರ್ಗದವರು ಕೊಳ್ಳುವ ಸಣ್ಣ ಕಾರುಗಳಿಗೂ ಇಳಿಯಿತು. ಸೆಲ್ ಬೇಕಾಗುವುದು ಈ ಮೂರನೆಯ ಪದರಕ್ಕೆ ಮಾತ್ರ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ರಾತ್ರಿ, ಬೆಂಗಳೂರಿನಿಂದ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಉಸಿರು ಕಟ್ಟಲಾರಂಭಿಸಿತು. ಸಿಂಧನೂರಿನ ಆಸ್ಪತ್ರೆಗೆ ಒಯ್ಯಬೇಕು. ಮನೆಯ ಮುಂದೆಯೇ ಹೊಸ ಕಾರು ನಿಂತಿದೆ. ಆದರೆ ಬಿಲ್ಲೆಯ ಗುಂಡಿ ಎಷ್ಟು ಒತ್ತಿದರೂ ಬಾಗಿಲು ತೆರೆಯದು. ಕಾರು ಮಾರಿದವರ ಸಹಾಯವಾಣಿಗೆ ಫೋನ್ ಮಾಡಿದರೆ ಮುಂಜಾನೆ ಎಳೆದೊಯ್ಯುವ ಗಾಡಿ ಕಳಿಸುವುದಾಗಿ ಹೇಳಿದರು. ಗದ್ದಲ ಕೇಳಿ ನಾನೂ ಹೋಗಿ ನಿಂತಿದ್ದೆ. ಮೂವತ್ತು ವರ್ಷ ಲಾರಿ ನಡೆಸಿ ಮನೆಯಲ್ಲಿ ಕುಳಿತಿದ್ದ ನೆರೆಮನೆಯ ಹಿರಿಯ ಡ್ರೈವರೊಬ್ಬರು ಬಂದು, ಬಾಗಿಲ ಹಿಡಿಕೆಯ ಅಡಿಯಲ್ಲಿ ಬೆರಳಾಡಿಸಿ, “ಇಲ್ಲಿ ಕೀಲಿ ಕಂಡಿ ಐತಿ ನೋಡ್ರಿ ಸರ. ಕಂಡಿ ಐತಂದಮ್ಯಾಗ ಕೀಲಿಕೈ ಎಲ್ಲ್ಯಾರ ಇರಬೇಕಲ್ರೀ” ಎಂದರು. ಬಿಲ್ಲೆಯನ್ನು ಇಸಿದುಕೊಂಡು ತಿರುವಿ ಮುರುವಿ ನೋಡಿ, ಅಂಚಿನ ಸಣ್ಣ ಕೊಕ್ಕೆಯನ್ನು ಸರಿಸಿದರು. ಒಳಗಿನಿಂದ ತೆಳ್ಳಗಿನ ಲೋಹದ ಕೀಲಿಕೈ ಜಾರಿ ಅಂಗೈಗೆ ಬಿತ್ತು. ಎರಡು ವರ್ಷದಿಂದ ಆ ಕಾರು ಓಡಿಸುತ್ತಿದ್ದ ಹುಡುಗ ಅದನ್ನು ಮೊದಲ ಬಾರಿಗೆ ಕಂಡದ್ದು ಆಗ.

ಬಾಗಿಲು ತೆರೆದೊಡನೆ ಕಾರು ಕೂಗಲಾರಂಭಿಸಿತು; ಓಣಿಯೆಲ್ಲ ಎದ್ದಿತು. ಒಳಗೆ ಕುಳಿತು ಗುಂಡಿ ಒತ್ತಿದರೆ ‘ಕೀ ಇಲ್ಲ’ ಎಂಬ ಸಂದೇಶ. ಡ್ರೈವರರ ಅನುಭವ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಮಾಡಿದವಳು ಹುಡುಗನ ಹೆಂಡತಿ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಬಿದ್ದಿದ್ದ ಪುಸ್ತಿಕೆಯನ್ನು ಬಿಚ್ಚಿ, ಮೊಬೈಲಿನ ಬೆಳಕಿನಲ್ಲಿ ಹುಡುಕಿ, “ರೀ, ಬ್ರೇಕ್ ಒತ್ತಿಕೊಂಡು ರಿಮೋಟನ್ನೇ ಆ ಬಟನ್ನಿಗೆ ಹಚ್ಚಿ ಒತ್ತಬೇಕಂತೆ” ಎಂದು ಓದಿ ಹೇಳಿದಳು. ಹಾಗೆಯೇ ಮಾಡಿದ, ಎಂಜಿನ್ ಹೊರಟಿತು, ಕೂಗು ನಿಂತಿತು. ತಂದೆ ಮೂರು ದಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡೇ ಮನೆಗೆ ಬಂದರು.

ಸತ್ತ ಬಿಲ್ಲೆಯನ್ನು ಗುಂಡಿಗೆ ಮುಟ್ಟಿಸಿದರೆ ಕಾರು ಹೇಗೆ ಒಪ್ಪಿತು ಎಂದು ಮರುದಿನ ಹಲವರು ಕೇಳಿದರು. ಇದು ನಮ್ಮ ಶಾಲೆಯ ವಿಜ್ಞಾನದ ಶಿಕ್ಷಕರು ವರ್ಷವರ್ಷವೂ ತೋರಿಸುತ್ತಿದ್ದ ಪ್ರಯೋಗವೇ. ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿ ತೆಗೆದರೆ ಮೀಟರಿನ ಮುಳ್ಳು ಅಲುಗುತ್ತಿತ್ತು. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸತ್ಯ ಅದು: ಬದಲಾಗುತ್ತಿರುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಕಾರಿನ ಗುಂಡಿಯ ಹಿಂದೆ, ಅಥವಾ ತಯಾರಕರು ಗೊತ್ತುಮಾಡಿದ ಬೇರೊಂದು ಜಾಗದಲ್ಲಿ, ಒಂದು ಸುರುಳಿಯಿದೆ. ಅದರಲ್ಲಿ ಸೆಕೆಂಡಿಗೆ ಸುಮಾರು 1,25,000 ಬಾರಿ ಹಿಂದಕ್ಕೂ ಮುಂದಕ್ಕೂ ತೂಗುವ ವಿದ್ಯುತ್ತು ಹರಿಯುತ್ತದೆ. ಬಿಲ್ಲೆಯೊಳಗಿನ ಚಿಪ್ಪಿಗೂ ಒಂದು ಸುರುಳಿಯಿದೆ. ಎರಡೂ ಹತ್ತಿರ ಬಂದಾಗ ಕಾರಿನ ಬಲದಿಂದಲೇ ಚಿಪ್ ಎಚ್ಚರಗೊಂಡು ತನ್ನ ಗುರುತನ್ನು ಹೇಳುತ್ತದೆ. ದೂರವಾದಂತೆ ಆ ಬಲ ಬಹುಬೇಗ ಕುಗ್ಗುವುದರಿಂದ ಮುಟ್ಟುವಷ್ಟು ಹತ್ತಿರ ಹಿಡಿಯಲೇಬೇಕು. 1990ರ ದಶಕದಲ್ಲಿ ಕಳ್ಳರಿಗಾಗಿ ಇಟ್ಟ ಆ ಚಿಪ್ಪೇ ಇಂದು ಸೆಲ್ ಸತ್ತಾಗ ಯಜಮಾನನನ್ನು ಗುರುತಿಸುತ್ತದೆ. ಹಳೆಯ ಕಾರು, ಬೈಕುಗಳಲ್ಲಿ ಬ್ಯಾಟರಿಯಿಲ್ಲದೆ ಕಿಡಿ ಹಾರಿಸುತ್ತಿದ್ದ ಮ್ಯಾಗ್ನೆಟೋ ಕೂಡ ಇದೇ ಫ್ಯಾರಡೆಯ ನಿಯಮದ ಕೂಸು. ಜರ್ಮನಿಯ ಬಾಷ್ ಕಂಪನಿ ಬೆಳೆದದ್ದು ಆ ಮ್ಯಾಗ್ನೆಟೋದಿಂದ. ಅದೇ ಬಾಷ್ 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಎಂಬ ಹೆಸರಿನಿಂದ ನೆಲೆಯೂರಿತು.

ಹೊರಗಿನ ಅಲೆಯಿಂದಲೇ ಎಚ್ಚರಗೊಳ್ಳುವ ಉಪಕರಣಕ್ಕೆ ಒಂದು ವಿಚಿತ್ರ ಪೂರ್ವಜ ಇದೆ. 1945ರಲ್ಲಿ ಸೋವಿಯತ್ ಮಕ್ಕಳ ಕೈಯಿಂದ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಕೆತ್ತನೆಯ ಮರದ ಲಾಂಛನವೊಂದನ್ನು ಕಾಣಿಕೆಯಾಗಿ ಕೊಡಿಸಿದರು. ಲಿಯಾನ್ ಥೆರೆಮಿನ್ ಎಂಬ ವಿಜ್ಞಾನಿ ಅದರೊಳಗೆ ಬ್ಯಾಟರಿಯೂ ಇಲ್ಲದ, ತಂತಿಯೂ ಇಲ್ಲದ ಕದ್ದಾಲಿಕೆಯ ಸಾಧನವನ್ನಿಟ್ಟಿದ್ದ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದು ಜೀವ ತಳೆಯುತ್ತಿತ್ತು. 1952ರವರೆಗೆ ಅದು ಪತ್ತೆಯಾಗಲಿಲ್ಲ. ಉಪಾಯ ಮೆಚ್ಚತಕ್ಕದ್ದೇ, ಮಕ್ಕಳ ಕೈಯಲ್ಲಿ ಕೊಡಿಸಿದ್ದು ಮಾತ್ರ ಶಿಕ್ಷಕನಾದ ನನಗೆ ಇಂದಿಗೂ ಒಪ್ಪಿಗೆಯಾಗದು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಕೀಲಿ ಕಂಡಿ ಕೆಲವು ಕಾರುಗಳಲ್ಲಿ ಎದುರಿಗೇ ಕಾಣುತ್ತದೆ. ಕೆಲವದರಲ್ಲಿ ಚಾಲಕನ ಬಾಗಿಲ ಹಿಡಿಕೆಯ ತುದಿಯ ಮುಚ್ಚಳದ ಹಿಂದೆ ಅಡಗಿರುತ್ತದೆ. ಬಿಲ್ಲೆಯನ್ನು ಹಿಡಿಯುವ ಜಾಗವೂ ಎಲ್ಲದರಲ್ಲಿ ಒಂದೇ ಅಲ್ಲ. ಹಲವು ಕಾರುಗಳಲ್ಲಿ ಗುಂಡಿಗೇ ಮುಟ್ಟಿಸಬೇಕು. ಕೆಲವದರಲ್ಲಿ ಸ್ಟೀರಿಂಗಿನ ಕಂಬದ ಮಗ್ಗುಲಲ್ಲಿ, ಇನ್ನು ಕೆಲವದರಲ್ಲಿ ಗೇರಿನ ಬಳಿಯ ಗೂಡಿನಲ್ಲಿ ಇಡಬೇಕು. ಗೇರು ತಾನೇ ಬದಲಾಗುವ ಕಾರಿನಲ್ಲಿ ಬ್ರೇಕ್, ಉಳಿದವುಗಳಲ್ಲಿ ಕ್ಲಚ್ ಒತ್ತಿಕೊಂಡಿರಬೇಕು. ಹೊರಟ ಮೇಲೆ ತಲುಪುವವರೆಗೆ ಎಂಜಿನ್ ಆರಿಸದಿರುವುದು ಲೇಸು.

ಬಿಲ್ಲೆ ದೂರ ಹೋದರೂ ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ. ಸುರಕ್ಷತೆಗಾಗಿ ಹಾಗೆ ಮಾಡಿದ್ದಾರೆ. ಇದರಿಂದ ಬೇರೊಂದು ಫಜೀತಿ ಹುಟ್ಟುತ್ತದೆ. ಗಂಡ ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ, ಹೆಂಡತಿ ಕಾರು ನಡೆಸಿಕೊಂಡು ಗೊರೇಬಾಳಕ್ಕೆ ಬಂದು ಎಂಜಿನ್ ಆರಿಸುತ್ತಾಳೆ. ಮತ್ತೆ ಹೊರಡಿಸಲು ಬಿಲ್ಲೆ ರಾಯಚೂರಿನ ಬಸ್ಸಿನಲ್ಲಿರುತ್ತದೆ. ಕಾರು ಎಚ್ಚರಿಕೆ ಕೊಟ್ಟಿರುತ್ತದೆ. ಮಾತಿನ ಭರದಲ್ಲಿ ಅದನ್ನು ಯಾರು ನೋಡುತ್ತಾರೆ?

ಬಿಲ್ಲೆಯ ಸೆಲ್ ಸತ್ತದ್ದಕ್ಕೂ ಕಾರಿನದೇ ಬ್ಯಾಟರಿ ಸತ್ತದ್ದಕ್ಕೂ ಇರುವ ವ್ಯತ್ಯಾಸವನ್ನು ಹಲವರು ತಿಳಿಯದೆ ಒದ್ದಾಡುತ್ತಾರೆ. ಕಾರಿನ ಬ್ಯಾಟರಿಯೇ ಸತ್ತಿದ್ದರೆ ಬಿಲ್ಲೆಯನ್ನು ಎಷ್ಟು ಮುಟ್ಟಿಸಿದರೂ ಫಲವಿಲ್ಲ. ಎಚ್ಚರಗೊಳಿಸಬೇಕಾದ ಸುರುಳಿಗೇ ಬಲವಿರುವುದಿಲ್ಲ. ಆಗ ಇನ್ನೊಂದು ಬ್ಯಾಟರಿಯಿಂದ ತಂತಿ ಕೊಟ್ಟು ಹೊರಡಿಸಬೇಕು. ಹಿಂದಿನಂತೆ ದಬ್ಬಿ ಹೊರಡಿಸುವ ಉಪಾಯ ಗೇರು ತಾನೇ ಬದಲಾಗುವ ಕಾರುಗಳಿಗೆ ನಡೆಯದು. ಹ್ಯಾಂಡಲಿನ ತೂತಂತೂ ಅಂಬಾಸಿಡರ್ 2014ರಲ್ಲಿ ನಿಂತುಹೋಗುವುದಕ್ಕೆ ಬಹು ಮೊದಲೇ ಹೊಸ ಕಾರುಗಳಿಂದ ಮಾಯವಾಗಿತ್ತು. ತಯಾರಕರು ಹಳೆಯದನ್ನು ಸ್ವಲ್ಪ ಕಾಲ ಉಳಿಸಿ, ಜನ ಮರೆತಾಗ ಸದ್ದಿಲ್ಲದೆ ತೆಗೆಯುತ್ತಾರೆ. ಫೋನನ್ನೇ ಕೀಲಿಕೈಯಾಗಿ ಬಳಸುವ ಕಾರುಗಳು ಈಗಾಗಲೇ ಬಂದಿವೆ. ಲೋಹದ ಕೀಲಿಕೈಯ ಸರದಿಯೂ ಬರಬಹುದೆಂಬುದು ನನ್ನ ಅನುಮಾನ.

ಬಿಲ್ಲೆಯ ಸೆಲ್ ಬಹುಮಟ್ಟಿಗೆ ಸಿಆರ್ 2032 ಎಂಬ ಜಾತಿಯದು. ಆ ಅಂಕಿಗಳಿಗೆ ಅರ್ಥವಿದೆ: ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಮೂರು ವೋಲ್ಟಿನ ಈ ಲಿಥಿಯಂ ಸೆಲ್ ಚಹಾ ಉಪ್ಪಿಟ್ಟಿನ ಬೆಲೆಗೆ ಸಿಗುತ್ತದೆ. ಬಿಲ್ಲೆ ಕೆಲಸ ಮಾಡುವ ದೂರ ಕಡಿಮೆಯಾಗುತ್ತ ಬಂದರೆ ಅದನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ಅದರಲ್ಲೂ ನನ್ನ ಮೊಮ್ಮಕ್ಕಳ ತಾಯಂದಿರು, ಇದನ್ನು ಲಕ್ಷ್ಯವಿಟ್ಟು ಓದಬೇಕು. ಹಳೆಯ ಸೆಲ್ ಸತ್ತಿದೆಯೆಂದು ಕಿಟಕಿಯ ಮೇಲಿಡಬಾರದು. ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ, ಉಳಿದಿರುವ ಅಲ್ಪ ಬಲವೇ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ನಾನು ನೋಡಿದ ಕಾರಿನ ಪುಸ್ತಿಕೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡ ನಾಡಿನಲ್ಲಿ ಇಷ್ಟು ಕಾರು ಮಾರುವವರು ನಾಲ್ಕು ಪುಟ ಕನ್ನಡದಲ್ಲಿ ಅಚ್ಚುಹಾಕಿಸಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆ ರಾತ್ರಿಯ ನಂತರ ನಾನು ಬಾಗಿಲು ತೆರೆಯುವ, ಹೊರಡಿಸುವ ಕ್ರಮವನ್ನು ಅರ್ಧ ಹಾಳೆಯಲ್ಲಿ ದಪ್ಪಕ್ಷರಗಳಲ್ಲಿ ಬರೆದು ಸಿಂಧನೂರು ದಾರಿಯ ಪಂಕ್ಚರ್ ಅಂಗಡಿಯವನಿಗೆ ಕೊಟ್ಟೆ. ಆತನೂ ನನ್ನ ವಿದ್ಯಾರ್ಥಿಯೇ. ಗೋಡೆಗೆ ಅಂಟಿಸಿಕೊಂಡಿದ್ದಾನೆ, ಟ್ಯೂಬುಗಳ ಪಕ್ಕದಲ್ಲಿ ಸಿಆರ್ 2032 ಸೆಲ್ಲುಗಳ ಪಟ್ಟಿಯನ್ನೂ ತೂಗುಹಾಕಿದ್ದಾನೆ. ಕಾರು ನಿಂತಿದೆಯೆಂದು ಯಾರಾದರೂ ಬಂದರೆ ಆತ ಮೊದಲು ಕೇಳುವ ಪ್ರಶ್ನೆ ಒಂದೇ: “ಕಾರಿನ ಒಳಗ ದೀಪ ಹತ್ತತಾವೇನ್ರಿ?” ಹತ್ತುತ್ತವೆ ಎಂದರೆ ಸೆಲ್ ಕೊಡುತ್ತಾನೆ, ಇಲ್ಲವೆಂದರೆ ಬ್ಯಾಟರಿಯ ತಂತಿ ತೆಗೆದುಕೊಂಡು ಹೊರಡುತ್ತಾನೆ.